ಚೈನ್ ಕ್ರಾಸ್ ಹಾಕಬೇಕಾ, ನೇರ ಹಾಕಬೇಕಾ?

ನಮ್ಮ ವಾಟ್ಸಾಪ್ ಗುಂಪಲ್ಲಿ ಎಲ್ಲರೂ ಮಂಡ್ಯದ ಕಡೆಯವರು, ಚೇತು ಒಬ್ಬ ಟೆಕ್ಸಾಸ್‌ನಲ್ಲಿದ್ದಾನೆ. ಕಬ್ಬು ಕಟಾವು ನಡೀತಿತ್ತು. ಅಂಥ ಹೊತ್ತಲ್ಲಿ ಇದು ಬಂತು:

ಕುಮಾರ ಮಾವ: ⚠️ ಟ್ರೇಲರ್ ಇರುವವರು ಓದಿ!! ಸೇಫ್ಟಿ ಚೈನ್ ಎರಡನ್ನೂ ನೇರವಾಗಿಯೇ ಹಾಕಿ. ಕ್ರಾಸ್ ಹಾಕಿದರೆ ತಿರುವಿನಲ್ಲಿ ತುಂಡಾಗಿ ಪಲ್ಟಿ! ಹತ್ತು ಜನಕ್ಕೆ ಕಳಿಸಿ 🙏

(ಸೇಫ್ಟಿ ಚೈನ್ ಅಂದರೆ, ಟ್ರೇಲರ್ ಕಳಚಿಕೊಂಡರೂ ಟ್ರ್ಯಾಕ್ಟರ್ ಬಿಟ್ಟು ಹೋಗದ ಹಾಗೆ ಹಾಕೋ ಜೋಡಿ ಸರಪಳಿ.)

ಸುಧಾ: ಮಾವ, ಇದನ್ನ ಹೇಳಿದ್ದು ಯಾರು?

ಕುಮಾರ ಮಾವ: ಕಬ್ಬಿನ ಗುಂಪಲ್ಲಿ ಬಂತಮ್ಮ.

ಸುಧಾ: ಅವರಿಗೆ ಯಾರು ಹೇಳಿದ್ದು?

ದೊಡ್ಡಪ್ಪ: ಯಾರು ಹೇಳಿದರೇನು? ಈಗಿನ ಹುಡುಗರು ಮೇಲುಕೋಟೆವರೆಗೂ ಕೇಳೋ ಹಾಗೆ ಹಾಡು ಹಾಕಿಕೊಂಡು ಓಡಿಸುತ್ತಾರೆ. ಹಿಂದೆ ಟ್ರೇಲರ್ ಇದೆಯೋ ಇಲ್ಲವೋ ಅನ್ನೋದೂ ಗೊತ್ತಿರಲ್ಲ. ಮೊದಲು ಮನುಷ್ಯ ನೆಟ್ಟಗಿರಬೇಕು.

(ಇಷ್ಟಕ್ಕೆ ಮೂರು 🙏. ಮೆಸೇಜ್ ನಿಜವೋ ಸುಳ್ಳೋ ಯಾರಿಗೂ ಬೇಕಿರಲಿಲ್ಲ.)

ಚೇತು: ಇದು ಉಲ್ಟಾ. ಕ್ರಾಸ್ ಹಾಕೋದೇ ಸರಿ. ಎಡದ ಚೈನ್ ಮೂಕಿಯ (ಟ್ರೇಲರ್ ಎಳೆಯೋ ಮುಂದಿನ ಕಂಬಿ) ಅಡಿಯಿಂದ ಟ್ರ್ಯಾಕ್ಟರಿನ ಬಲದ ಕಣ್ಣಿಗೆ (ಕೊಕ್ಕೆ ಹಾಕೋ ಬಳೆ), ಬಲದ್ದು ಎಡದ ಕಣ್ಣಿಗೆ. ಹಿಚ್ (ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸೋ ಜಾಗ) ಕಳಚಿಕೊಂಡರೂ ಮೂಕಿ ರಸ್ತೆಗೆ ನೆಟ್ಟುಕೊಳ್ಳಲ್ಲ. ತೊಟ್ಟಿಲಲ್ಲಿ ಬಿದ್ದ ಹಾಗೆ ಚೈನ್ ಮೇಲೆ ಕೂರುತ್ತದೆ. ತಿರುವಿಗೆ ಬೇಕಾದಷ್ಟು ಸಡಿಲ ಬಿಡಿ, ನೆಲಕ್ಕೆ ಉಜ್ಜಬಾರದು. ಕೊಕ್ಕೆಗೆ ಲಾಕ್ ಇರಲಿ.

ಸುಧಾ: ಆಧಾರ?

ಚೇತು: ಇಲ್ಲಿ ಲಾರಿಗಳಿಗೆ ಫೆಡರಲ್ ನಿಯಮ 393.70 ಇದೆ. ಹಿಚ್ ಕಳಚಿದರೂ ಮೂಕಿ ನೆಲಕ್ಕೆ ಬೀಳಬಾರದು, ತಿರುಗಲು ಬೇಕಾದ್ದಕ್ಕಿಂತ ಜಾಸ್ತಿ ಸಡಿಲ ಬಿಡಬಾರದು ಅಂತ. ಟ್ರೇಲರ್ ಮತ್ತು ಲೋಡ್, ಎರಡರ ತೂಕವನ್ನೂ ತಡೆಯೋ ಚೈನ್ ಬೇಕು.

ಸುಧಾ: ಅಂದರೆ ಟನ್‌ಗಟ್ಟಲೆ ಕಬ್ಬಿಗೆ ನಾಯಿ ಕಟ್ಟೋ ಚೈನ್ ಆಗಲ್ಲ 😄

ಗೋಪಿ: ಮೂಕಿ ಅಂದ ತಕ್ಷಣ ನಮ್ಮ ಎತ್ತಿನ ಗಾಡಿ ನೆನಪಾಯಿತು. ಮೈಷುಗರ್ ಸಕ್ಕರೆ ಕಾರ್ಖಾನೆ ಮುಂದೆ ಗಾಡಿ ಸಾಲು. ತೂಕ ಆಗೋವರೆಗೂ ತಾತ ಗಾಡಿ ಕೆಳಗೇ ಮಲಗುತ್ತಿದ್ದರು. ವಾಪಸ್ ಬರುವಾಗ ಬೆಲ್ಲದ ವಾಸನೆ, ಆಹಾ!

ದೊಡ್ಡಪ್ಪ: 1933ರಲ್ಲಿ ಕಂಪನಿ ಶುರುವಾದಾಗ ಯಾವ ಚೈನ್ ಇತ್ತಪ್ಪ? ಎತ್ತಿಗೆ ಬುದ್ಧಿ ಇತ್ತು.

ಕುಮಾರ ಮಾವ: ಭಾವ, ಚೈನ್ ವಿಚಾರ ನೀವು ಮಾತಾಡಬೇಡಿ. ನಿಮ್ಮ ಟ್ರೇಲರ್‌ಗೆ ಚೈನೇ ಇಲ್ಲ.

ದೊಡ್ಡಪ್ಪ: ಇತ್ತು. ಮಗಳ ಮದುವೆಗೆ ಪಾತ್ರೆ ತರೋಕೆ ಅಂತ ಒಯ್ದವನು ನೀನು. ಟ್ರೇಲರ್ ವಾಪಸ್ ಬಂತು, ಚೈನ್ ಬರಲಿಲ್ಲ.

(ಆಮೇಲೆ ಅರ್ಧ ಗಂಟೆ ಮದುವೆ ಊಟ, ಯಾರಿಗೆ ಕರೆಯೋಲೆ ಹೋಗಲಿಲ್ಲ, ಯಾರು ಮುನಿಸಿಕೊಂಡರು. ಅದನ್ನೆಲ್ಲ ಇಲ್ಲಿ ಬರೆಯಲ್ಲ.)

ಸುಧಾ: ಮಾವ, ನೀವು ಹೇಗೆ ಹಾಕಿದ್ದೀರಿ? ಫೋಟೋ ಕಳಿಸಿ.

(ಫೋಟೋ ಬಂತು. ಚೈನ್ ಎರಡೂ ಹಿಚ್ ಪಿನ್ನಿಗೇ ಸುತ್ತಿವೆ. ಪಿನ್ ಎದ್ದು ಬರದಂತೆ ತಡೆಯುವ ಲಿಂಚ್ ಪಿನ್ ಜಾಗದಲ್ಲಿ ಒಂದು ತುಂಡು ಬೇಲಿ ತಂತಿ.)

ಚೇತು: ಅಯ್ಯೋ ಮಾವ! ಆ ತಂತಿ ಹೋಗಿ ಪಿನ್ ಎದ್ದರೆ ಚೈನೂ ಅದರ ಜೊತೆಗೇ ಹೋಗುತ್ತೆ. ಮತ್ತೆ ಚೈನ್ ಇದ್ದು ಏನು ಪ್ರಯೋಜನ? ಟ್ರ್ಯಾಕ್ಟರ್ ಚಾಸಿಗೆ ಬೇರೆ ಕಣ್ಣು ಬೋಲ್ಟ್ ಮಾಡಿಸಿ, ಅದಕ್ಕೆ ಹಾಕಿ.

ಕುಮಾರ ಮಾವ: ಇಷ್ಟು ವರ್ಷ ಏನೂ ಆಗಿಲ್ಲ.

ದೊಡ್ಡಪ್ಪ: ಫೋಟೋ ದೊಡ್ಡದು ಮಾಡಿ ನೋಡಿದೆ. ಕೊಕ್ಕೆಗೆ ಹಸಿರು ಪೇಂಟ್. ಹಚ್ಚಿದವನು ನಾನೇ.

🚫 ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಅಳಿಸಿದರೇನು ಕುಮಾರ, ಗೋಪಿ ಹತ್ತಿರ ಸ್ಕ್ರೀನ್‌ಶಾಟ್ ಇದೆ.