ಸಹಾಯ ಬೇಕು: ಆರ್ಕಿಟೆಕ್ಚರ್ ಸೇರುವ ಮುಂಚೆ ಬೇಸಿಗೆ ಶಿಬಿರ ಎಲ್ಲಿದೆ?

ನಮಸ್ಕಾರ, ನಾವು ಕೊಪ್ಪಳದವರು. ಮಗಳು ಪಿಯುಸಿ ಮೊದಲ ವರ್ಷ, ಆರ್ಕಿಟೆಕ್ಟ್ ಆಗಬೇಕು ಅಂತಿದ್ದಾಳೆ. ಬಿ.ಆರ್ಕ್ ಅಂದರೆ 5 ವರ್ಷ, ಸೇರಿದ ಮೇಲೆ ಬೇಡ ಅನ್ನಿಸಿದರೆ ಕಷ್ಟ ಅಲ್ವಾ? ಅದಕ್ಕೇ ಈ ಬೇಸಿಗೆಯಲ್ಲಿ ಒಂದೆರಡು ವಾರದ ಶಿಬಿರಕ್ಕೆ ಕಳಿಸೋಣ ಅಂತ. ಸ್ಟುಡಿಯೋದಲ್ಲಿ ಕೂತು ಪ್ಲಾನ್ ಬಿಡಿಸುವುದು, ರಟ್ಟಿನಲ್ಲಿ ಮಾಡೆಲ್ ಕಟ್ಟುವುದು, ಮೇಷ್ಟ್ರು ಚೆನ್ನಾಗಿಲ್ಲ ಅಂದಾಗ ಅದನ್ನೇ ಮತ್ತೆ ಮಾಡುವುದು, ಈ ಕೆಲಸದ ಬೇಸರವೂ ಸೇರಿ ಎಲ್ಲ ಒಮ್ಮೆ ಅವಳ ಕೈಗೆ ಬರಲಿ.

ಹುಡುಕಿದರೆ ಬರೀ ನಾಟಾ (ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ) ಕೋಚಿಂಗ್ ಜಾಹೀರಾತು. ನಾಟಾ ಬೇಕು, ಗೊತ್ತು, ಅದು ಬೇರೆ ಮಾತು. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಹೈಸ್ಕೂಲ್ ಮಕ್ಕಳಿಗೇ ಇಂಥ ಸಮ್ಮರ್ ಪ್ರೋಗ್ರಾಂ ಇದೆ, ಫೀಸು ನೋಡಿ ಸುಮ್ನಾದೆ.

ಬೆಂಗಳೂರು, ಹುಬ್ಬಳ್ಳಿ ಕಡೆ ಯಾರಾದರೂ ಮಕ್ಕಳನ್ನು ಕಳಿಸಿದ್ದೀರಾ? ಹುಡುಗಿಯರಿಗೆ ಹಾಸ್ಟೆಲ್ ಇತ್ತಾ? ಕನ್ನಡ ಮೀಡಿಯಂನಲ್ಲಿ ಓದಿದವಳು, ಇಂಗ್ಲಿಷ್ ತೊಂದರೆ ಆಗುತ್ತಾ?

ಶಿಬಿರ ಸಿಗದಿದ್ದರೆ ಇಟಗಿಯ ಮಹಾದೇವ ದೇವಾಲಯ ಹತ್ತಿರದಲ್ಲೇ ಇದೆ. 1112ರದ್ದು, ಆ ಕಂಬಗಳನ್ನು ನೋಡಿ ಬಿಡಿಸುವುದಕ್ಕೇ ಒಂದು ರಜೆ ಸಾಲದು. ಅಳತೆ ತೆಗೆದು ಡ್ರಾಯಿಂಗ್ ಮಾಡುವುದನ್ನು ಹೇಳಿಕೊಡುವ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಕೊಪ್ಪಳ, ಗಂಗಾವತಿ ಕಡೆ ಇದ್ದರೆ ಕಾಮೆಂಟ್ ಮಾಡಿ. ಫೀಸು ಕೊಡುತ್ತೇವೆ.