ವೈರ್‌ಲೆಸ್ ಸೆಟ್ ಗ್ರಾಂಟ್‌ಗೆ ಯುಸಿ (ಹಣ ಬಳಕೆ ಪ್ರಮಾಣಪತ್ರ) ಬರೀಬೇಕು, ಆರ್ಡರ್ ಕೊಟ್ಟಿರೋ ದುಡ್ಡನ್ನ ಖರ್ಚು ಅಂತ ತೋರಿಸ್ಬೋದಾ?

ವಿದ್ಯಾನಗರದ ಲೆಕ್ಕ:

ಎಲ್ಲರಿಗೂ ನಮಸ್ಕಾರ. ದಾವಣಗೆರೇಲಿ ಸರ್ಕಾರಿ ದುಡ್ಡಲ್ಲಿ ನಡೆಯೋ ಒಂದು ಸಣ್ಣ ಸಂಸ್ಥೇಲಿ ಅಕೌಂಟ್ಸ್ ನೋಡ್ಕೊಳ್ತೀನಿ, ಔಟ್‌ಸೋರ್ಸ್ ಮೇಲೆ. ಯಾವ ಸಂಸ್ಥೆ ಅಂತ ಕೇಳ್ಬೇಡಿ ದಯವಿಟ್ಟು. ತುಂಗಭದ್ರೆ ತುಂಬಿದಾಗ ಹೊನ್ನಾಳಿ ಬಾಲರಾಜ್ ಘಾಟ್ ಕಡೆ, ಹರಿಹರ ಗಂಗಾನಗರದ ಕಡೆ ನೀರು ನುಗ್ಗುತ್ತಲ್ಲ, ಹೈವೇಲಿ ದೊಡ್ಡ ಆಕ್ಸಿಡೆಂಟ್ ಆಗುತ್ತಲ್ಲ, ಅಂಥ ಟೈಮಲ್ಲಿ ಪೊಲೀಸು ಫೈರು ಕಂದಾಯ ಆಂಬುಲೆನ್ಸು ಎಲ್ಲ ಒಂದೇ ಚಾನೆಲಲ್ಲಿ ಮಾತಾಡೋಕೆ ವಿಎಚ್‌ಎಫ್ ಸೆಟ್ಟು ಮತ್ತೆ ಸಿಗ್ನಲ್ ದೂರ ದಾಟಿಸೋ ಒಂದು ರಿಪೀಟರ್ ಹಾಕ್ಸೋಕಂತ ಕೇಂದ್ರದ ಗ್ರಾಂಟ್ ಬಂದಿತ್ತು.

ಅಂಕಿ ಬದಲಾಯಿಸಿ ಹೇಳ್ತೀನಿ, 40 ಲಕ್ಷ ಅನ್ಕೊಳ್ಳಿ. ಕೈಸೆಟ್ಟು, ಬೇಸ್ ಸೆಟ್ಟು ಬಂದಾಯ್ತು, 22 ಲಕ್ಷ ಪೇಮೆಂಟ್ ಆಯ್ತು. ರಿಪೀಟರ್ ಮತ್ತೆ ಕಂಬಕ್ಕೆ 14 ಲಕ್ಷದ ಆರ್ಡರ್ ಕೊಟ್ಟಿದೀವಿ, ಬ್ಯಾಂಕ್ ಗ್ಯಾರಂಟಿ ತಗೊಂಡು ಅದ್ರಲ್ಲಿ 4.2 ಲಕ್ಷ ಅಡ್ವಾನ್ಸ್ ಕೊಟ್ಟಾಗಿದೆ, ಮಾಲು ಇನ್ನೂ ಬಂದಿಲ್ಲ. ಟ್ರೇನಿಂಗ್, ಬ್ಯಾಟರಿಗೆ ಅಂತ ಇಟ್ಟಿರೋ 4 ಲಕ್ಷ ಮುಟ್ಟೇ ಇಲ್ಲ. ಈಗ ಯುಸಿ ಕೇಳ್ತಿದಾರೆ, ನಮ್ ಸಾಹೇಬ್ರು "ಪೂರ್ತಿ 40 ಬಳಕೆ ಆಗಿದೆ ಅಂತ ಬರಿ, ಇಲ್ಲಾಂದ್ರೆ ಮುಂದಿನ ಕಂತು ಬರಲ್ಲ, ಆರ್ಡರ್ ಕೊಟ್ಟಾಗಿದೆಯಲ್ಲ ಅಂದ್ರೆ ಖರ್ಚಾದ ಹಂಗೇ" ಅಂತಾರೆ. ನಂಗೆ ಯಾಕೋ ಧೈರ್ಯ ಬರ್ತಿಲ್ಲ. ಮಂಜೂರಾತಿ ಆದೇಶದಲ್ಲಿ ಯುಸಿಗೆ ಫಾರಂ 12-ಎ ಅಂತ ಇದೆ. ಗೊತ್ತಿರೋರು ಹೇಳಿ ಪ್ಲೀಸ್.

ಎಂಸಿಸಿ ಬಿ ಬ್ಲಾಕ್:

ಬರ್ದು ಕಳ್ಸಿ ಗುರೂ. ಎಲ್ಲಾ ಕಡೆ ಹಿಂಗೇ ನಡೆಯೋದು, ಮಾರ್ಚ್ ಕೊನೇಲಿ ಯಾವ ಆಫೀಸಿಗಾದ್ರೂ ಹೋಗಿ ನೋಡಿ, ಒಂದೇ ರಾತ್ರೀಲಿ ವರ್ಷದ ಕೆಲ್ಸ ಎಲ್ಲ ಮುಗ್ದಿರುತ್ತೆ. ಯುಸಿ ಓದೋರು ಯಾರಿದಾರೆ ಅಲ್ಲಿ, ಟೋಟಲ್ ಟ್ಯಾಲಿ ಆದ್ರೆ ಸಾಕು.

ಹಳೇ ಖಜಾನೆ:

ತಮ್ಮಾ ಬಿ ಬ್ಲಾಕ್, ಓದೋರು ಇದಾರಪ್ಪ, ಲೇಟಾಗಿ ಓದ್ತಾರೆ ಅಷ್ಟೆ. ಎಜಿ (ಮಹಾಲೇಖಪಾಲರ) ಆಫೀಸಿಂದ ಆಡಿಟ್ ಪಾರ್ಟಿ ಬರೋ ಹೊತ್ತಿಗೆ ಬರ್ಸಿದ ಸಾಹೇಬ್ರು ಟ್ರಾನ್ಸ್‌ಫರ್ ಆಗಿರ್ತಾರೆ, ಬರ್ದ ಹುಡುಗ ಮಾತ್ರ ಕೈಗೆ ಸಿಗ್ತಾನೆ. ಸಿಎಜಿ (ದೇಶದ ಮಹಾಲೆಕ್ಕ ಪರಿಶೋಧಕರು) ಅವರ ರಾಜ್ಯ ಹಣಕಾಸು ವರದಿ ತೆಗೆದು ನೋಡು, ಬಾಕಿ ಯುಸಿ ಬಗ್ಗೆನೇ ಬೇರೆ ಬರೆದಿರ್ತಾರೆ.

ಈಗ ಪ್ರಶ್ನೆ ಕೇಳಿದೋರಿಗೆ. 12-ಎ ಫಾರಂ ಪೂರ್ತಿ ಓದಿದೀರಾ? ಬಹಳ ಜನ ಮೇಲಿನ ಟೇಬಲ್ ತುಂಬಿ ಸಹಿಗೆ ಇಡ್ತಾರೆ, ಆ ಟೇಬಲ್ ಆದ್ಮೇಲೆ ವರ್ಷದ ಕೊನೆಗೆ ಗ್ರಾಂಟಿನ ಸ್ಥಿತಿ ಏನು ಅಂತ ಕೇಳೋ ಒಂದು ಭಾಗ ಐತೆ. ಕೈಯಲ್ಲಿ ಅಥವಾ ಬ್ಯಾಂಕಲ್ಲಿ ಎಷ್ಟು, ಹೊಂದಾಣಿಕೆ ಆಗದ ಮುಂಗಡ ಎಷ್ಟು, ಒಟ್ಟು ಎಷ್ಟು. ನಿಮ್ ಪ್ರಶ್ನೆಗೆ ಉತ್ತರ ಆ ಮೂರು ಸಾಲಲ್ಲೇ ಕೂತೈತೆ. ಖರ್ಚು 22 ಅಂತ ಬರೀರಿ, ಮುಂಗಡದ ಸಾಲಲ್ಲಿ 4.2, ಬ್ಯಾಂಕಲ್ಲಿ 13.8, ಎರಡೂ ಸೇರಿ ಉಳಿಕೆ 18. ಬಡ್ಡಿ ಬೇರೆ ತೋರಿಸ್ರಿ. ಆರ್ಡರ್ ಕೊಟ್ಟ 14 ಲಕ್ಷ ಖರ್ಚಿನ ಕಾಲಮ್ಮಿಗೆ ಬರೋದೇ ಇಲ್ಲ, ಮದುವೆ ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಮಾತ್ರಕ್ಕೆ ಮದುವೆ ಆಯ್ತು ಅಂತ ಯಾರೂ ಬರ್ಸಲ್ಲ. ಮುಂದಿನ ಕಂತಿನ ಭಯಕ್ಕೆ ಸಾಹೇಬ್ರು ಹಂಗಂತಾರೆ, ಅದಕ್ಕೆ ದಾರಿ ಯುಸಿ ಜೊತೆ ಒಂದು ಕವರಿಂಗ್ ಲೆಟರ್. ಆರ್ಡರ್ ನಂಬರು, ತಾರೀಕು, ಮೊತ್ತ, ಮಾಲು ಬರೋ ಗಡುವು, ಇದನ್ನ ಹಾಕಿ "14 ಲಕ್ಷಕ್ಕೆ ಬದ್ಧತೆ ಇದೆ, ಉಳಿದ ಮೊತ್ತ ಮುಂದಿನ ವರ್ಷಕ್ಕೆ ಒಯ್ಯಲು ಅನುಮತಿ ಕೊಡಿ" ಅಂತ ಕೇಳ್ರಿ.

ಗಡುವಿನ ಬಗ್ಗೆನೂ ಗಾಬರಿ ಬೇಡ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ (ಜಿಎಫ್‌ಆರ್) 238ನೇ ನಿಯಮ ನೋಡ್ರಿ, ವರ್ಷಾ ವರ್ಷಾ ಬರದೇ ಇರೋ (ಆವರ್ತಕವಲ್ಲದ) ಗ್ರಾಂಟಿಗೆ ಆರ್ಥಿಕ ವರ್ಷ ಮುಗಿದು 12 ತಿಂಗಳೊಳಗೆ ಯುಸಿ ಕೊಡ್ಬೇಕು ಅಂತೈತೆ. ಅದೇ ನಿಯಮದಲ್ಲಿ ಇನ್ನೊಂದು ಮಾತೈತೆ, ಎಷ್ಟು ದುಡ್ಡು ಹಾಕಿದ್ರಿ ಅನ್ನೋದಕ್ಕಿಂತ ಅದರಿಂದ ಏನು ಬಂತು ಅಂತ ಹೇಳ್ಬೇಕು, ಗುರಿ ಮುಟ್ಟಿದ್ರಾ ಇಲ್ವಾ ಬರೀಬೇಕು. ಈಗ ನೀವು 40 ಲಕ್ಷ ಬಳಕೆ ಅಂತ ಬರೆದ್ರೆ ರಿಪೀಟರ್ ಕೆಲಸ ಮಾಡ್ತೈತೆ ಅಂತ ಹೇಳಿದ ಹಂಗಾಯ್ತು. ನಾಳೆ ಯಾರಾದ್ರೂ ಬಂದು ಎಲ್ಲೈತೆ ತೋರ್ಸು ಅಂದ್ರೆ?

ಅಂದ ಹಾಗೆ ನಿಮ್ ಅಡ್ವಾನ್ಸು 14ಕ್ಕೆ 4.2, ಸರಿಯಾಗಿ ಶೇ 30. ಖಾಸಗಿ ಸಪ್ಲೈಯರ್‌ಗೆ ಜಿಎಫ್‌ಆರ್ ಪ್ರಕಾರ ಅಷ್ಟೇ ಮಿತಿ, ಗ್ಯಾರಂಟೀನೂ ತಗೊಂಡಿದೀರಿ. ಆ ಗ್ಯಾರಂಟಿ ಅವಧಿ ಯಾವಾಗ ಮುಗಿಯುತ್ತೆ ಒಂದ್ಸಲ ನೋಡ್ಕೊಳ್ರಿ, ಮಾಲು ಬರೋಕೆ ಮುಂಚೆ ಅದು ಲ್ಯಾಪ್ಸ್ ಆಗೋದು ನಾನು ಬಹಳ ಕಡೆ ಕಂಡಿದೀನಿ.

ಜೋಗಿಮಟ್ಟಿ ಗಾಳಿ:

ಲೆಕ್ಕದ ವಿಷ್ಯ ಖಜಾನೆ ಸರ್ ಹೇಳಿದ್ರು, ನಾನು ದುರ್ಗದವನು, ವೈರ್‌ಲೆಸ್ ಲೈನಲ್ಲಿ ಕೆಲ್ಸ ಮಾಡಿದವನು, ಗುಡ್ಡ ಹತ್ತಿಳಿದು ಮಂಡಿ ಹೋಗಿದೆ, ಆ ಕಡೆಯಿಂದ ಹೇಳ್ತೀನಿ.

ರಿಪೋರ್ಟಲ್ಲಿ ಎಲ್ರೂ ಬರೆಯೋದು ಇಷ್ಟು ಕೈಸೆಟ್ಟು, ಇಷ್ಟು ಬೇಸ್ ಸೆಟ್ಟು, ಮುಗೀತು. ಆ ಸೆಟ್ಟಲ್ಲಿ ಮಾತು ಕೇಳ್ಸುತ್ತಾ ಅಂತ ಒಬ್ರೂ ಬರೆಯಲ್ಲ. ವಿಎಚ್‌ಎಫ್ ಅಂದ್ರೆ ಹೆಚ್ಚು ಕಮ್ಮಿ ನೇರ ದೃಷ್ಟಿ ಇದ್ದಲ್ಲಿ ಹೋಗೋ ಸಿಗ್ನಲ್ಲು, 5 ವಾಟಿನ ಕೈಸೆಟ್ಟು ಹಿಡ್ಕೊಂಡು ಬಂಡೆ ಮರೆಯಲ್ಲಿ ನಿಂತ್ರೆ ಆಚೆ ಊರಿಗೆ ಕೇಳ್ಸಲ್ಲ. ಮೊಳಕಾಲ್ಮೂರು ಕಡೆ ಹೋಗಿ ನೋಡಿ ಗೊತ್ತಾಗುತ್ತೆ. ಅದಕ್ಕೇ ಎತ್ತರದಲ್ಲಿ ರಿಪೀಟರ್ ಬೇಕು, ಅದು ಒಂದು ಫ್ರೀಕ್ವೆನ್ಸೀಲಿ ಕೇಳಿಸ್ಕೊಂಡು ಇನ್ನೊಂದ್ರಲ್ಲಿ ಜೋರಾಗಿ ವಾಪಸ್ ಬಿಡುತ್ತೆ. ಅಂದ್ರೆ ನಿಮ್ಮ ರಿಪೀಟರ್ ಬರೋ ತನಕ 22 ಲಕ್ಷದ ಸೆಟ್ಟುಗಳು ಊರೊಳಗೆ ಮಾತಾಡೋಕಷ್ಟೇ ಲಾಯಕ್ಕು, ನೆಟ್‌ವರ್ಕ್ ಅಂತ ಒಂದು ಇನ್ನೂ ಹುಟ್ಟೇ ಇಲ್ಲ. ಇದನ್ನ ಹಂಗೇ ಬರೀರಿ, ನಾಚ್ಕೆ ಏನಿಲ್ಲ.

ಲೈಸೆನ್ಸ್ ಏನಾಯ್ತು? ಫ್ರೀಕ್ವೆನ್ಸಿ ಕೊಡೋದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ, ಅರ್ಜಿ ಸರಳ್ ಸಂಚಾರ್ ಪೋರ್ಟಲಲ್ಲಿ, ಕಂಬ ನಿಲ್ಸೋ ಜಾಗಕ್ಕೆ ಸ್ಯಾಕ್ಫಾ ಅನ್ನೋ ಸಮಿತಿಯ ಕ್ಲಿಯರೆನ್ಸ್ ಬೇರೆ. ಗುಡ್ಡ ಅರಣ್ಯದ್ದಾದ್ರೆ ಅವರ ಕಾಗದ ಇನ್ನೊಂದು ಕಡೆ. ಮಾಲು ಗೋಡೌನಿಗೆ ಬಂದ್ರೂ ಇದಿಲ್ದೆ ಆನ್ ಮಾಡೋ ಹಾಗಿಲ್ಲ. ಯುಸಿ ಜೊತೆ ಹೋಗೋ ಪ್ರಗತಿ ವರದೀಲಿ ಇದ್ರ ಸ್ಥಿತಿ ಒಂದು ಸಾಲಾದ್ರೂ ಇರ್ಲಿ, ತಡ ಆಗಿದ್ದು ನಿಮ್ಮಿಂದ ಅಲ್ಲ ಅಂತಾದ್ರೂ ದಾಖಲೆ ಆಗುತ್ತೆ.

ರಿಪೀಟರ್ ಆನ್ ಆದ್ಮೇಲೆ ಒಂದು ಜೀಪಲ್ಲಿ ಹೊನ್ನಾಳಿ, ನ್ಯಾಮತಿ, ಜಗಳೂರು, ಚನ್ನಗಿರಿ ಸುತ್ತಿ ಎಲ್ಲೆಲ್ಲಿ ಚೆನ್ನಾಗಿ ಕೇಳ್ತು, ಎಲ್ಲಿ ಬರೀ ಗೊರಗೊರ ಅಂತು, ಒಂದು ಹಾಳೆಲಿ ಬರ್ಕೊಂಡು ತಾರೀಕು ಹಾಕಿ ಸಹಿ ಮಾಡ್ಸಿ. ಏನು ಬಂತು ಅಂತ ಬರೀಬೇಕು ಅಂದ್ರಲ್ಲ ಖಜಾನೆ ಸರ್, ಅದಕ್ಕೆ ಇದಕ್ಕಿಂತ ಒಳ್ಳೆ ಪುರಾವೆ ಇಲ್ಲ. ಮತ್ತೆ ಆ 4 ಲಕ್ಷ ಬ್ಯಾಟರಿ ದುಡ್ಡನ್ನ ಬೇರೆದಕ್ಕೆ ತಿರುಗಿಸೋಕೆ ಬಿಡ್ಬೇಡಿ. ಸೆಟ್ ಕೊಳ್ಳೋಕೆ ಎಲ್ರೂ ದುಡ್ಡು ಕೊಡ್ತಾರೆ, ಬ್ಯಾಟರಿ ಸತ್ತಾಗ ಯಾವ ಹೆಡ್ಡಲ್ಲೂ ದುಡ್ಡಿರಲ್ಲ, ಸೆಟ್ಟು ಬೀರು ಸೇರುತ್ತೆ.

ಹರಿಹರ ಟು ಒಹಾಯೋ:

ಇಲ್ಲಿ ಅಮೆರಿಕದಲ್ಲಿ ಒಂದು ಕೌಂಟಿ ಆಫೀಸಲ್ಲಿ ಇದೇ ಥರದ ಗ್ರಾಂಟ್ ರಿಪೋರ್ಟ್ ಮಾಡೋದು ನನ್ ಕೆಲ್ಸ, ಅದಕ್ಕೇ ಕೈ ತುರಿಸ್ತು. ಇಲ್ಲಿ ಫೆಡರಲ್ ಗ್ರಾಂಟಿಗೆ ಎಸ್‌ಎಫ್-425 ಅಂತ ಒಂದು ಫಾರಂ. ಅದ್ರಲ್ಲಿ ಆಗಿರೋ ಖರ್ಚು ಒಂದು ಸಾಲು, ಆರ್ಡರ್ ಕೊಟ್ಟು ಇನ್ನೂ ತೀರಿಸದೇ ಇರೋ ಬಾಧ್ಯತೆ ಇನ್ನೊಂದು ಸಾಲು, ಯಾವುದಕ್ಕೂ ಕಟ್ಟದೇ ಉಳಿದಿದ್ದು ಮತ್ತೊಂದು. ನಿಮ್ 12-ಎಗಿಂತ ಇದು ಒಂದು ಹೆಜ್ಜೆ ಸಲೀಸು ಯಾಕಂದ್ರೆ ಆರ್ಡರ್ ಮೊತ್ತಕ್ಕೂ ಅಲ್ಲೇ ಜಾಗ ಇದೆ, ನೀವು ಅದನ್ನ ಕವರಿಂಗ್ ಲೆಟರಲ್ಲಿ ಹೇಳ್ಬೇಕು. ಆದ್ರೆ ಎರಡೂ ಕಡೆ ಆರ್ಡರ್ ಬೇರೆ, ಖರ್ಚು ಬೇರೆ.

ಇಲ್ಲಿ 2012ರಲ್ಲಿ ಕಾನೂನು ಮಾಡಿ ಪೊಲೀಸ್, ಫೈರ್ ಎಲ್ಲರಿಗೂ ಫಸ್ಟ್‌ನೆಟ್ ಅಂತ ದೇಶಕ್ಕೆಲ್ಲ ಒಂದು ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ಶುರು ಮಾಡಿದ್ರು, 2017ರಲ್ಲಿ ಎಟಿ ಅಂಡ್ ಟಿ ಫೋನ್ ಕಂಪನಿಗೆ 25 ವರ್ಷಕ್ಕೆ ಗುತ್ತಿಗೆ. ಅದಕ್ಕೆ ರಾಜ್ಯಗಳು ತಯಾರಾಗ್ಲಿ ಅಂತ ಎಸ್‌ಎಲ್‌ಐಜಿಪಿ ಅನ್ನೋ ಗ್ರಾಂಟ್ ಕೊಟ್ಟಿದ್ರು, ಶೇ 20 ಪಾಲು ರಾಜ್ಯ ಹಾಕ್ಬೇಕು. ಮಜಾ ಏನಂದ್ರೆ ಆ ಪಾಲನ್ನ ದುಡ್ಡಲ್ಲೇ ಕೊಡ್ಬೇಕಂತಿರ್ಲಿಲ್ಲ, ಫೈರ್ ಚೀಫು ಮೀಟಿಂಗಲ್ಲಿ ಕೂತ ಗಂಟೆಗಳ ಬೆಲೆನೂ ಲೆಕ್ಕಕ್ಕೆ ಹಿಡೀಬೋದಿತ್ತು, ಆದ್ರೆ ಯಾರು ಎಷ್ಟೊತ್ತು ಕೂತ್ರು ಅನ್ನೋಕೆ ದಾಖಲೆ ಬೇಕು. ನಮ್ಮೂರ ಮೀಟಿಂಗ್‌ಗಳಿಗೆ ಹಿಂಗೆ ಬೆಲೆ ಕಟ್ಟಿದ್ರೆ ದಾವಣಗೆರೆ ಜಿಲ್ಲೆ ಒಂದೇ ಇಡೀ ದೇಶದ ಪಾಲು ತುಂಬಿರೋದು ಬಿಡಿ.

ಇನ್ನೊಂದು, ಗ್ರಾಂಟಲ್ಲಿ ಕೊಂಡ ಉಪಕರಣವನ್ನ ಇಲ್ಲಿ ಎರಡು ವರ್ಷಕ್ಕೊಮ್ಮೆಯಾದ್ರೂ ಕಣ್ಣಾರೆ ನೋಡಿ ರಿಜಿಸ್ಟರ್ ಜೊತೆ ತಾಳೆ ಹಾಕ್ಬೇಕು. ಅಲ್ಲಿ ಹೆಂಗೆ?

ಹಳೇ ಖಜಾನೆ:

ಇಲ್ಲೂ ಐತೆ ಸ್ವಾಮಿ, ಸ್ಥಿರಾಸ್ತಿ ರಿಜಿಸ್ಟರ್ ಫಾರಂ 22, ವರ್ಷಕ್ಕೊಮ್ಮೆ ಭೌತಿಕ ಪರಿಶೀಲನೆ. ಮಾಡೋರು ಕಮ್ಮಿ. ನಮ್ ಕಡೆ ಇನ್ನೊಂದು ಪಜೀತಿ ಐತೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, ಆಮೇಲೆ ಬಳ್ಳಾರಿಗೆ ವಾಪಸ್ ಹೋಯ್ತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರ್ತು. ದಾವಣಗೆರೆ ದುಡ್ಡಲ್ಲಿ ಕೊಂಡ ವಸ್ತು ಅಲ್ಲಿದ್ರೆ ಅದು ಯಾರ ರಿಜಿಸ್ಟರಲ್ಲಿ ಇರ್ಬೇಕು? ಹಸ್ತಾಂತರದ ಕಾಗದ ಇಲ್ಲಾಂದ್ರೆ ಎರಡು ಕಡೆನೂ ಇರಲ್ಲ. ನೀವು ಒಂದೊಂದು ಸೆಟ್ಟಿನ ಸೀರಿಯಲ್ ನಂಬರು, ಯಾವ ಠಾಣೆಗೆ ಕೊಟ್ರಿ, ಯಾರು ಸಹಿ ಮಾಡಿ ತಗೊಂಡ್ರು, ಇಷ್ಟು ಈಗ್ಲೇ ಬರ್ದಿಡ್ರಿ.

ವಿದ್ಯಾನಗರದ ಲೆಕ್ಕ:

ಸರ್, ಅಣ್ಣ, ಎಲ್ರಿಗೂ ಥ್ಯಾಂಕ್ಸ್. ಗ್ಯಾರಂಟಿ ತೆಗೆದು ನೋಡ್ದೆ, ಮುಂದಿನ ತಿಂಗಳು ಮುಗಿಯುತ್ತೆ! ಬ್ಯಾಂಕಿಗೆ, ಸಪ್ಲೈಯರ್‌ಗೆ ಇಬ್ರಿಗೂ ಇವತ್ತೇ ಪತ್ರ ಹಾಕ್ಸಿದೀನಿ. ಲೈಸೆನ್ಸ್ ಅರ್ಜಿ ಹಾಕಿರೋ ಹಂತದಲ್ಲೇ ಇದೆ. ಬಡ್ಡಿ ಬಗ್ಗೆ ಒಂದು ಡೌಟು, ಅದನ್ನ ಬ್ಯಾಟರಿ ಖರೀದಿಗೆ ಸೇರ್ಸ್ಕೊಳ್ಳೋಣ ಅಂತಾರೆ ಆಫೀಸಲ್ಲಿ, ಆಗುತ್ತಾ?

ಹಳೇ ಖಜಾನೆ:

ಆಗಲ್ಲ. 230ನೇ ನಿಯಮದ 8ನೇ ಉಪನಿಯಮ, ಗ್ರಾಂಟಿನ ಮೇಲೆ ಬಂದ ಬಡ್ಡಿ ಲೆಕ್ಕ ಅಂತಿಮ ಆದ ಕೂಡ್ಲೇ ಭಾರತದ ಸಂಚಿತ ನಿಧಿಗೆ ಕಟ್ಬೇಕು, ಮುಂದಿನ ಕಂತಲ್ಲಿ ಮುರ್ಕೊಳ್ಳಿ ಅಂತ ಹೇಳೋಕೂ ಬರಲ್ಲ. ಕೇಂದ್ರಕ್ಕೆ ದುಡ್ಡು ಕಟ್ಟೋ ಭಾರತ್‌ಕೋಶ್ ಪೋರ್ಟಲಲ್ಲಿ ಕಟ್ಟಿ ಚಲನ್ ಪ್ರತಿ ಯುಸಿಗೆ ಲಗತ್ತಿಸ್ರಿ, 12-ಎಲಿ ಬಡ್ಡಿ ಎಷ್ಟು ಬಂತು, ಎಷ್ಟು ವಾಪಸ್ ಕಟ್ಟಿದ್ರಿ ಅಂತ ಕಾಲಮ್ಮೇ ಐತೆ.

ಎಂಸಿಸಿ ಬಿ ಬ್ಲಾಕ್:

ಎಲ್ಲಾ ಸರಿ ಯಜಮಾನ್ರೇ, ಸಾಹೇಬ್ರು ಒಪ್ಪಲಿಲ್ಲ ಅಂದ್ರೆ? ಔಟ್‌ಸೋರ್ಸ್ ಹುಡುಗನ್ನ ತೆಗೆಯೋಕೆ ಒಂದು ಫೋನ್ ಸಾಕು. ನಾನು ಬರ್ದು ಕಳ್ಸಿ ಅಂದಿದ್ದು ಅದಕ್ಕೇ.

ಹಳೇ ಖಜಾನೆ:

ಅದು ನ್ಯಾಯವಾದ ಮಾತು, ಇಲ್ಲ ಅನ್ನಲ್ಲ. ಅದಕ್ಕೇ ಜಗಳ ಆಡ್ಬೇಡಿ ಅಂತೀನಿ. 12-ಎಗೆ ಸಹಿ ಹಾಕೋರು ಹಣಕಾಸು ಮುಖ್ಯಸ್ಥರು ಮತ್ತೆ ಸಂಸ್ಥೆ ಮುಖ್ಯಸ್ಥರು, ಈ ಹುಡುಗ ಅಲ್ಲ. ಇವರು ಮಾಡ್ಬೇಕಾದ್ದು 22, 4.2, 13.8 ಅಂತ ಸರಿಯಾದ ಅಂಕಿಯ ಡ್ರಾಫ್ಟು, ಬ್ಯಾಂಕ್ ಪಾಸ್‌ಶೀಟು ಲಗತ್ತಿಸಿ ನೋಟ್ ಶೀಟಲ್ಲಿ ಮಂಡಿಸೋದು. ಬದಲಾಯಿಸೋದಾದ್ರೆ ಅವರೇ ತಮ್ಮ ಕೈಯಾರೆ ಬರೀಲಿ.

ವಿದ್ಯಾನಗರದ ಲೆಕ್ಕ:

ಹಂಗೇ ಮಂಡಿಸ್ದೆ ಸರ್. ಫೈಲ್ ವಾಪಸ್ ಬಂತು, ಹಸಿರು ಇಂಕಲ್ಲಿ "ಚರ್ಚಿಸಿ" ಅಂತ ಒಂದೇ ಬರ್ದವ್ರೆ.

ಹಳೇ ಖಜಾನೆ:

ಗೊತ್ತಿತ್ತು. ಹೋಗಿ ಚರ್ಚಿಸ್ರಿ, ಪಾಸ್‌ಶೀಟ್ ಕೈಯಲ್ಲಿ ಇಟ್ಕೊಂಡೇ ಹೋಗ್ರಿ. ಆಚೆ ಬಂದ ಮೇಲೆ "ಚರ್ಚಿಸಿದಂತೆ" ಅಂತ ಶುರು ಮಾಡಿ ಅವರು ಏನು ಹೇಳಿದ್ರೋ ಅದನ್ನ ಹಾಕಿ, ತಾರೀಕು ಬರ್ದು, ಅದೇ ಫೈಲನ್ನ ಮತ್ತೆ ಅವರ ಟೇಬಲ್ಲಿಗೆ ಕಳ್ಸ್ರಿ.