ರಾಣೇಬೆನ್ನೂರಿನ ಸಂಬಂಧ ಮತ್ತು ಒಂದು ಫಾರ್ವರ್ಡ್

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಪೂರ್ಣ ವಾಕ್ಯಗಳಲ್ಲಿಯೇ ಬರೆಯಬೇಕೆಂಬ ಕಟ್ಟಳೆಯನ್ನು ಮಾಡಿದವರು ಮಾಯಕೊಂಡದಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ದೊಡ್ಡಪ್ಪ. ಹೀಗಾಗಿ ನಮ್ಮಲ್ಲಿ ಜಗಳಗಳೂ ವ್ಯಾಕರಣಬದ್ಧವಾಗಿಯೇ ನಡೆಯುತ್ತವೆ. ಕಳೆದ ಭಾನುವಾರ ಚಿತ್ರದುರ್ಗದ ಅತ್ತೆ ಒಂದು ಫಾರ್ವರ್ಡ್ ಕಳುಹಿಸಿದರು. 1993ರಲ್ಲಿ ಬಂದ ‘ಬೆನ್ನಿ ಅಂಡ್ ಜೂನ್’ ಎಂಬ ಅಮೆರಿಕದ ಸಿನಿಮಾ ಸತ್ಯಕಥೆಯೆಂದೂ, ಅದರಲ್ಲಿ ಮನೋರೋಗಿಯಾದ ತಂಗಿಗೆ ಅಣ್ಣನು ವರ್ಷಾನುಗಟ್ಟಲೆ ಮಾತ್ರೆ ನುಂಗಿಸಿ ಮನೆಯಲ್ಲಿ ಕೂಡಿಹಾಕಿದ್ದನೆಂದೂ, ಒಬ್ಬ ಹುಡುಗನ ಪ್ರೀತಿ ದೊರೆತ ಮೂರೇ ತಿಂಗಳಲ್ಲಿ ಅವಳು ಮಾತ್ರೆಯಿಲ್ಲದೆ ಪೂರ್ಣ ಗುಣಮುಖಳಾದಳೆಂದೂ, ಔಷಧ ಕಂಪನಿಗಳು ಇದನ್ನು ಮುಚ್ಚಿಟ್ಟಿವೆಯೆಂದೂ ಅದರಲ್ಲಿತ್ತು. ಕೆಳಗೆ ಅತ್ತೆಯ ಸ್ವಂತ ವಾಕ್ಯ ಒಂದೇ ಒಂದು: “ಇದನ್ನು ಕೆಲವರು ಓದಬೇಕು.”

ಆ ಕೆಲವರು ಯಾರೆಂಬುದು ಈ ಮನೆಗೆ ಸೊಸೆಯಾಗಿ ಬಂದ ನನಗೂ ತಿಳಿಯಿತು. ದಾವಣಗೆರೆಯ ವಿನೋಬನಗರದಲ್ಲಿ ಬ್ಲೌಸು ಹೊಲಿಯುತ್ತಾ, ತಮ್ಮ ಪುಟ್ಟಣ್ಣನನ್ನು ಇಷ್ಟು ವರ್ಷ ನೋಡಿಕೊಂಡು ಬಂದಿರುವ ಅಕ್ಕನನ್ನು ಕುರಿತೇ ಆ ಮಾತು. ಪುಟ್ಟಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗವಿದೆ. ನಮ್ಮ ಮನೆತನದಲ್ಲಿ ಈ ಪದವನ್ನು ಯಾರೂ ಉಚ್ಚರಿಸುವುದಿಲ್ಲ, “ಅವನ ಆರೋಗ್ಯ” ಎನ್ನುತ್ತಾರೆ.

ಔಷಧಿ ಅಂಗಡಿ ನಡೆಸುವ ನಮ್ಮವರು ಮೊದಲು ಕೆಣಕಿದರು. “ಅತ್ತೆ, ಇದಕ್ಕೆ ಆಧಾರವೇನು? ಈ ಸಿನಿಮಾವನ್ನು ನೋಡಿದವರು ಗುಂಪಿನಲ್ಲಿ ಯಾರಿದ್ದಾರೆ?”

“ಆಧಾರ ಕೇಳಲು ನಾನೇನು ನಿನ್ನ ಅಂಗಡಿಗೆ ಚೀಟಿ ತಂದವಳಲ್ಲ. ಮಾತ್ರೆ ಮಾರುವವನಿಗೆ ಮಾತ್ರೆ ಬೇಡವೆಂಬ ಮಾತು ರುಚಿಸುವುದಾದರೂ ಹೇಗೆ?”

ಅಲ್ಲಿಗೆ ದೊಡ್ಡಪ್ಪ ಪ್ರವೇಶಿಸಿದರು. “ನಮ್ಮ ಕಾಲದಲ್ಲಿ ಕೂಡುಕುಟುಂಬವಿತ್ತು, ಹಿರಿಯರ ಮಾತಿಗೆ ಬೆಲೆಯಿತ್ತು, ಹಂಚಿಕೊಂಡು ಉಣ್ಣುವ ಗುಣವಿತ್ತು, ಆದ್ದರಿಂದ ಇಂಥ ಕಾಯಿಲೆಗಳ ಹೆಸರನ್ನೇ ನಾವು ಕೇಳಿರಲಿಲ್ಲ.” ಹೆಸರು ಕೇಳಿರಲಿಲ್ಲವೆಂಬುದು ನಿಜವಿರಬಹುದು. ಆದರೆ ತಮ್ಮ ಸೋದರಮಾವನನ್ನು ಅದೇ ಕೂಡುಕುಟುಂಬದವರು ಹಿತ್ತಲ ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದರೆಂದು ಯುಗಾದಿಯ ಊಟದ ಹೊತ್ತಿನಲ್ಲಿ ನನಗೆ ಹೇಳಿದವರೂ ಅವರೇ.

ಫಾರ್ವರ್ಡಿನ ಜೊತೆಗಿದ್ದ ಚಿತ್ರದಲ್ಲಿ ಟೋಪಿಯ ಯುವಕನನ್ನು ಕಂಡ ಹರಿಹರದ ಮಾವ, ಇವನು ಚಾರ್ಲಿ ಚಾಪ್ಲಿನ್ನನೇ ಎಂದು ತೀರ್ಮಾನಿಸಿದರು. ಅಶೋಕ ಟಾಕೀಸಿನಲ್ಲಿ ಮ್ಯಾಟಿನಿ ಮುಗಿಸಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದುದನ್ನೂ, ಮರಳುವಾಗ ರೈಲ್ವೆ ಗೇಟಿನ ಬಳಿ ಪುಟ್ಟಣ್ಣನು ಚಾಪ್ಲಿನ್ನನ ನಡಿಗೆಯನ್ನು ಅನುಕರಿಸಿ ಅಪರಿಚಿತರನ್ನೂ ನಗಿಸುತ್ತಿದ್ದುದನ್ನೂ ಬರೆದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂದು ಗಾದೆಯೇ ಇದೆಯಲ್ಲ” ಎಂದು ಸೇರಿಸಿ, ನಗುವ ಮುಖಗಳನ್ನೂ ಅಂಟಿಸಿದರು.

ಅತ್ತೆ ಕಾಯುತ್ತಿದ್ದುದು ಇದಕ್ಕೇ. “ನಾನು ರಾಣೇಬೆನ್ನೂರಿನಿಂದ ಅಂಥ ಒಳ್ಳೆಯ ಸಂಬಂಧವನ್ನು ತಂದಿದ್ದೆ. ನಿಶ್ಚಿತಾರ್ಥಕ್ಕೆ ದಿನ ನೋಡುವಷ್ಟರಲ್ಲಿ ಹುಡುಗಿಯ ಮನೆಗೆ ಕಾಯಿಲೆಯ ಸುದ್ದಿಯನ್ನು ಮುಟ್ಟಿಸಿ ಮುರಿದವರು ಯಾರೆಂದು ನಾನು ಹೇಳಬೇಕಾಗಿಲ್ಲ. ತಮ್ಮನು ಸಂಸಾರಸ್ಥನಾದರೆ ತನಗೆ ಮನೆಯಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸುವವರೂ ಇರುತ್ತಾರೆ.”

ನಮ್ಮವರು ರಾತ್ರಿ ಊಟವನ್ನೂ ಸರಿಯಾಗಿ ಮಾಡದೆ ಆ ಸಿನಿಮಾವನ್ನು ಪೂರ್ತಿ ನೋಡಿ ಬರೆದರು. “ಇದು ಸತ್ಯಕಥೆಯಲ್ಲ, ಹೆಣೆದ ಕಥೆ. ತಂಗಿಗಿರುವ ಕಾಯಿಲೆಯ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ. ಅಣ್ಣ ಬೆನ್ನಿ ಗ್ಯಾರೇಜ್ ನಡೆಸುವವನು. ತಂಗಿ ಜೂನ್ ಚಿತ್ರ ಬರೆಯುವವಳು. ಇಸ್ಪೀಟಾಟದಲ್ಲಿ ಅವಳು ಸೋತ ಪಂದ್ಯದ ಕಾರಣದಿಂದ ಸ್ಯಾಮ್ ಎಂಬ ವಿಚಿತ್ರ ಹುಡುಗ ಅವರ ಮನೆಗೆ ಬರುತ್ತಾನೆ. ಇಬ್ಬರೂ ಪ್ರೀತಿಸುತ್ತಾರೆ, ಮನೆ ಬಿಟ್ಟು ಬಸ್ಸು ಹತ್ತುತ್ತಾರೆ, ಬಸ್ಸಿನಲ್ಲಿಯೇ ಅವಳಿಗೆ ಧ್ವನಿಗಳು ಕೇಳಿಸತೊಡಗಿ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಕೊನೆಯಲ್ಲಿ ಅವಳು ಬೇರೆ ಮನೆ ಮಾಡುತ್ತಾಳೆಯೇ ಹೊರತು ಗುಣವಾಯಿತೆಂದು ಯಾರೂ ಹೇಳುವುದಿಲ್ಲ, ವೈದ್ಯೆಯೂ ಕಥೆಯಿಂದ ಹೊರಗೆ ಹೋಗುವುದಿಲ್ಲ. ಈ ಫಾರ್ವರ್ಡನ್ನು ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು, ಅದನ್ನು ನಾನು ಅಂಗಡಿಯಲ್ಲಿ ಕುಳಿತು ಕಂಡಿದ್ದೇನೆ. ಇನ್ನು ರಾಣೇಬೆನ್ನೂರಿನ ವಿಷಯ: 1955ರ ಹಿಂದೂ ವಿವಾಹ ಕಾಯ್ದೆಯ 12ನೆಯ ಕಲಮಿನ ಪ್ರಕಾರ, ಮುಖ್ಯ ಸಂಗತಿಯನ್ನು ವಂಚನೆಯಿಂದ ಮುಚ್ಚಿಟ್ಟು ಒಪ್ಪಿಗೆ ಪಡೆದ ಮದುವೆಯನ್ನು ನ್ಯಾಯಾಲಯ ರದ್ದುಪಡಿಸಬಹುದು.”

ಇದನ್ನು ಅತ್ತೆ ಓದಿದರೋ ಇಲ್ಲವೋ ತಿಳಿಯದು. “ಹಿರಿಯರಿಗೆ ಕಲಮು ತೋರಿಸುವ ಮಟ್ಟಕ್ಕೆ ಬಂದೆಯಾ?” ಎಂದಷ್ಟೇ ಉತ್ತರ ಬಂತು.

ಅಕ್ಕ ಮತ್ತು ಪುಟ್ಟಣ್ಣರಿಗೆ ಒಡಹುಟ್ಟಿದ ಬೆಂಗಳೂರಿನ ಭಾವ ಇಷ್ಟು ಹೊತ್ತು ಮೌನವಾಗಿದ್ದವರು, ಜಗಳವನ್ನು ತಣ್ಣಗಾಗಿಸಲು ಬಂದರು. “ಸಿನಿಮಾ ಏನೇ ಇರಲಿ, ಪ್ರೀತಿ ದೊಡ್ಡದು. ನಾವೆಲ್ಲರೂ ಪುಟ್ಟಣ್ಣನ ಬೆನ್ನಿಗಿದ್ದೇವೆ.”

ನಮ್ಮವರಿಗೆ ತಾಳ್ಮೆ ಕಡಿಮೆ. “ದೊಡ್ಡಣ್ಣ, ಬೆನ್ನಿಗಿರುವುದು ಗೊತ್ತಾಗುವುದು ಮಾರ್ಚ್ ತಿಂಗಳಲ್ಲಿ ಮಾತ್ರ. ಅಂಗವೈಕಲ್ಯವಿರುವ ಅವಲಂಬಿತ ಒಡಹುಟ್ಟಿದವರಿಗೆ ಖರ್ಚು ಮಾಡಿದವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ತೆರಿಗೆಗೊಳಪಡುವ ಆದಾಯದಿಂದ 75,000 ರೂಪಾಯಿಯ ಕಡಿತವಿದೆ, ತೀವ್ರ ಪ್ರಮಾಣದ್ದಾದರೆ 1,25,000. ಅಕ್ಕನಿಂದ ಪುಟ್ಟಣ್ಣನ ಅಂಗವೈಕಲ್ಯ ಪ್ರಮಾಣಪತ್ರದ ನಕಲನ್ನೂ ನನ್ನಿಂದ ಮಾತ್ರೆಯ ಬಿಲ್ಲುಗಳನ್ನೂ ನೀವು ತರಿಸಿಕೊಳ್ಳುತ್ತೀರಿ. ಆ ಬಿಲ್ಲುಗಳಿಗೆ ಹಣ ಕೊಟ್ಟವರು ಯಾರು? ಅವನ ಮಾತ್ರೆಯಾದ ಕ್ಲೋಜಪಿನ್ ಆರಂಭಿಸಿದಾಗ ಬಿಳಿ ರಕ್ತಕಣಗಳು ಕುಸಿಯುವ ಅಪಾಯವಿರುವುದರಿಂದ ಮೊದಲ 18 ವಾರ ವಾರವಾರವೂ ರಕ್ತಪರೀಕ್ಷೆ ಮಾಡಿಸಬೇಕು. ಹೊಲಿಗೆ ನಿಲ್ಲಿಸಿ ಕರೆದುಕೊಂಡು ಹೋದವರು ಯಾರು?”

ಅನಂತರದ ಅರ್ಧ ಗಂಟೆಯಲ್ಲಿ ಸಿನಿಮಾ ಯಾರಿಗೂ ನೆನಪಿರಲಿಲ್ಲ. ಬೆಂಗಳೂರಿನ ಅಕ್ಕ, ಅಂದರೆ ಭಾವನ ಹೆಂಡತಿ, ಲೆಕ್ಕಪತ್ರವನ್ನು ಬಯಲಿಗಿಡುವುದು ಸಂಸ್ಕಾರವಲ್ಲವೆಂದರು. ದೊಡ್ಡಪ್ಪ, ‘ಬಯಲಿಗಿಡು’ ಎಂಬ ಪ್ರಯೋಗ ಸರಿಯೇ ಎಂದು ವಿಚಾರಿಸಿ, ಸರಿ ಎಂದು ತಾವೇ ಉತ್ತರಿಸಿಕೊಂಡರು. ಹರಿಹರದ ಮಾವ ಮಿರ್ಚಿಯ ಚಿತ್ರ ಹಾಕಿದರು.

ಆಗ ಪುಟ್ಟಣ್ಣ ಬರೆದನು. ಅವನೂ ಈ ಗುಂಪಿನಲ್ಲಿದ್ದಾನೆಂಬುದನ್ನು ಎಲ್ಲರೂ ಮರೆತಿದ್ದರು.

“ಹಿರಿಯರೆಲ್ಲರಿಗೂ ನಮಸ್ಕಾರ. ಆ ಸಿನಿಮಾವನ್ನು ನಾನು ಹಿಂದೆಯೇ ನೋಡಿದ್ದೇನೆ. ಮಾವ, ಅದರಲ್ಲಿ ಟೋಪಿ ಚಾಪ್ಲಿನ್ನನ ಕಾಲದ ಇನ್ನೊಬ್ಬ ಮೂಕಿಚಿತ್ರ ನಟ ಬಸ್ಟರ್ ಕೀಟನ್ನನದು. ಫೋರ್ಕಿಗೆ ಬ್ರೆಡ್ಡು ಚುಚ್ಚಿ ಕುಣಿಸುವುದು ಮಾತ್ರ 1925ರ ಚಾಪ್ಲಿನ್ ಚಿತ್ರದಿಂದ ಬಂದದ್ದು. ಇಸ್ತ್ರಿಪೆಟ್ಟಿಗೆಯಿಂದ ಬ್ರೆಡ್ಡು ಸುಡುವುದನ್ನು ನಾನೂ ಪ್ರಯತ್ನಿಸಿದೆ. ಗಿರಾಕಿಯ ಬ್ಲೌಸಿಗೆ ಬೆಣ್ಣೆ ಹತ್ತಿ, ಅಕ್ಕ ಎರಡು ದಿನ ಮಾತನಾಡಲಿಲ್ಲ. ಅತ್ತೆ, ರಾಣೇಬೆನ್ನೂರಿಗೆ ಫೋನ್ ಮಾಡಿ ಹುಡುಗಿಯ ತಂದೆಗೆ ನನ್ನ ಕಾಯಿಲೆಯ ಹೆಸರನ್ನೂ ಮಾತ್ರೆಯ ಹೆಸರನ್ನೂ ಹೇಳಿದವನು ನಾನು. ಅಕ್ಕನಿಗೆ ಅದು ಗೊತ್ತಾಗಿದ್ದು ಸಂಬಂಧ ಮುರಿದ ಮೇಲೆ. ಮದುವೆ ಬೇಡವೆಂದು ನಾನು ಹೇಳಿರಲಿಲ್ಲ, ತಿಳಿಸಿ ಮಾಡಿಕೊಳ್ಳಬೇಕೆಂದಿದ್ದೆ.”

“ಹಾಗಿದ್ದರೆ ಆಗಲೇ ಹೇಳಬೇಕಾಗಿತ್ತು” ಎಂದು ಅತ್ತೆ ಬರೆದದ್ದು ಬಹಳ ಹೊತ್ತಿನ ಮೇಲೆ.

“ಹೇಳಿದ್ದೆ. ನನ್ನ ಆರೋಗ್ಯ ಸರಿಯಿಲ್ಲವೆಂದು ನೀವು ದೊಡ್ಡಪ್ಪನವರಿಗೆ ಫೋನ್ ಮಾಡಿದಿರಿ.”

ದೊಡ್ಡಪ್ಪನವರು ‘ಟೈಪಿಂಗ್’ ಎಂದು ಕಾಣಿಸಿಕೊಂಡು ಮರೆಯಾದರು, ಮತ್ತೆ ಕಾಣಿಸಿಕೊಂಡರು, ಏನೂ ಬರಲಿಲ್ಲ. ಇದುವರೆಗೆ ಹಬ್ಬದ ಶುಭಾಶಯವಲ್ಲದೆ ಬೇರೇನನ್ನೂ ಬರೆಯದ ನಾನು, ಯಾರಿಗಾದರೂ ಉಪಯೋಗವಾದೀತೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆ 14416 ಎಂದು ಹಾಕಿದೆ. ಅದನ್ನು ಅತ್ತೆ ತಮಗೇ ಹೇಳಿದ್ದೆಂದು ತಿಳಿದು ಈಗ ನನ್ನೊಡನೆಯೂ ಮಾತು ಬಿಟ್ಟಿದ್ದಾರೆ.

ಅಕ್ಕನ ಸಂದೇಶ ಬಂದದ್ದು ರಾತ್ರಿ ಹನ್ನೊಂದರ ಸುಮಾರಿಗೆ. “ಮದುವೆಯ ಹಂಗಾಮು, ಹೊಲಿಗೆ ಮುಗಿದ ಮೇಲೆ ಓದಿದೆ. ಬರುವ ಮಂಗಳವಾರ ಪುಟ್ಟನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ರಕ್ತಪರೀಕ್ಷೆಯೂ ಇದೆ. ಅದೇ ದಿನ ನಾನು ಹನ್ನೆರಡು ಬ್ಲೌಸು ಕೊಡಬೇಕಾಗಿದೆ. ಯಾರು ಬರುತ್ತೀರಿ?”

ಭಾವನು ಎರಡನೆಯ ಶನಿವಾರವಾದರೆ ಖಂಡಿತ ಬರುವುದಾಗಿ ತಿಳಿಸಿದರು.

“ದೊಡ್ಡಣ್ಣ, ನಾನು ಕೇಳಿದ್ದು ಮಂಗಳವಾರ. ಸೋಮವಾರ ರಾತ್ರಿಯ ರೈಲಿಗೆ ಹೊರಡಿ. ಬರುವಾಗ ಪ್ರಮಾಣಪತ್ರದ ಮೂಲಪ್ರತಿಯನ್ನೂ ತನ್ನಿ, ಹೋದ ಮಾರ್ಚಿನಿಂದ ನಿಮ್ಮಲ್ಲಿಯೇ ಉಳಿದಿದೆ” ಎಂದು ಅಕ್ಕ ಬರೆದರು.